ಮಾತ್ರೆಗೂ ಕಾಫಿಗೂ ನಡುವಿನ ಒಂದು ಗಂಟೆ

ಇಷ್ಟದ ಪಾತ್ರಗಳ ಮೇಲೆ ಫ್ಯಾನ್ ಫಿಕ್ಷನ್, ಅಂದರೆ ಅಭಿಮಾನಿಗಳು ತಾವೇ ಕಟ್ಟೋ ಕಥೆ, ಬರೆಯುತ್ತೀರಿ, ಈಚೆಗೆ ಬಿಪಿ ಸ್ವಲ್ಪ ಜಾಸ್ತಿ ಬಂದಿದೆ, ಅದೇ ಚಿಂತೆಯಲ್ಲಿ ಬರೆಯೋಕೆ ಕೂರಲು ಆಗುತ್ತಿಲ್ಲ, ಕಥೆ ಅರ್ಧಕ್ಕೆ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ರಾತ್ರಿ ಹೊತ್ತು ಬರೆಯೋದನ್ನು ಮಾತ್ರ ಬಿಟ್ಟುಬಿಡಿ.

ನಾನು ದಾವಣಗೆರೆಯವಳು. ಚಿತ್ರದುರ್ಗದ ಓಬವ್ವ ಅಂದರೆ ಚಿಕ್ಕಂದಿನಿಂದ ಜೀವ. ನಮ್ಮದೊಂದು ವಾಟ್ಸಾಪ್ ಗುಂಪಿದೆ, ಎಲ್ಲರೂ ದುರ್ಗದ ಕೋಟೆಯ ಹುಚ್ಚು ಹಿಡಿದವರೇ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿದ್ದು, ಕಾವಲಿನ ಗಂಡ ಊಟಕ್ಕೆ ಬಂದಿದ್ದು, ನೀರಿಗೆ ಹೋದ ಓಬವ್ವ ಒನಕೆ ಹಿಡಿದಿದ್ದು ಎಲ್ಲರಿಗೂ ಗೊತ್ತು. ನಾವು ಬರೆಯೋದು ಅದರ ಅಕ್ಕಪಕ್ಕದ ಕಥೆ. ಅವತ್ತು ಬೆಳಗ್ಗೆ ಗಂಡ ಹೆಂಡತಿ ಏನು ಮಾತಾಡಿಕೊಂಡರು? ಅದೇ ಒನಕೆಯಲ್ಲಿ ಹಿಂದಿನ ದಿನ ಏನು ಕುಟ್ಟಿದ್ದಳು? ನವೆಂಬರ್ 11ರ ಓಬವ್ವ ಜಯಂತಿಗೆ ಒಬ್ಬೊಬ್ಬರೂ ಒಂದು ಕಥೆ ಹಾಕುತ್ತೇವೆ.

ಎರಡು ವರ್ಷದ ಹಿಂದೆ ಆ ಕಥೆಗಾಗಿ ರಾತ್ರಿ ಒಂದರ ತನಕ ಮೊಬೈಲ್ ಹಿಡಿದು ಮಲಗಿರುತ್ತಿದ್ದೆ. ಅದೇ ಹೊತ್ತಿಗೆ ಥೈರಾಯ್ಡ್ ಹಾರ್ಮೋನ್ ಕಡಿಮೆ ಇದೆ ಅಂತ ಗೊತ್ತಾಯಿತು. ಸುಸ್ತು, ಕೂದಲು ಉದುರೋದು, ಎಲ್ಲರಿಗೂ ಸೆಖೆಯಾದರೆ ನನಗೆ ಚಳಿ. ಒಂದು ಸಾಲು ಬರೆಯೋದು, ಗೂಗಲ್‌ನಲ್ಲಿ ಲಕ್ಷಣ ಹುಡುಕೋದು, ಮತ್ತೆ ಅರ್ಧ ಸಾಲು. ಒಂದು ರಾತ್ರಿ ಎಡಗೈ ಜೋಮು ಹಿಡಿಯಿತು. ಹಾರ್ಟಿನದೇ ಅಂದುಕೊಂಡು ಬೆವತುಹೋದೆ. ಬೆಳಗ್ಗೆ ಡಾಕ್ಟರ್ ಇಸಿಜಿ ಮಾಡಿಸಿದರು, ಸರಿಯಾಗಿತ್ತು. ಆಮೇಲೆ ಕೇಳಿದರು, "ಯಾವ ಬೆರಳು ಜೋಮು?" ಕಿರುಬೆರಳು, ಅದರ ಪಕ್ಕದ್ದು. "ಮೊಬೈಲ್ ಹೇಗೆ ಹಿಡೀತೀರಮ್ಮ, ತೋರಿಸಿ." ತೋರಿಸಿದೆ. ಮೊಣಕೈ ಪೂರ್ತಿ ಮಡಚಿತ್ತು, ಫೋನಿನ ಭಾರವೆಲ್ಲ ಕಿರುಬೆರಳ ಮೇಲೆ. ಮೊಣಕೈ ಹತ್ತಿರ ಒಂದು ನರ ಹಾದುಹೋಗುತ್ತದಂತೆ. ಗಂಟೆಗಟ್ಟಲೆ ಮಡಚಿಟ್ಟರೆ ಅದು ಒತ್ತಿಕೊಂಡು ಸರಿಯಾಗಿ ಆ ಎರಡು ಬೆರಳಿಗೇ ಜೋಮು ಬರುತ್ತದೆ ಅಂದರು. (ಇದನ್ನು ಓದಿ ನೀವು ಸುಮ್ಮನಿರಬೇಡಿ. ಎದೆನೋವು, ಉಸಿರಾಡೋಕೆ ಕಷ್ಟ, ಮುಖ ಸೊಟ್ಟಗಾಗೋದು ಇದ್ದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು.)

ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ, ತಿಂಡಿ ಏನೂ ಇಲ್ಲ. ಮೇಲೆ ಕಾಫಿ ಬಿದ್ದರೆ ಮಾತ್ರೆ ಮೈಗೆ ಸರಿಯಾಗಿ ಹತ್ತೋದಿಲ್ಲ. ಎದ್ದ ಕೂಡಲೇ ಕಾಫಿ ಬೇಕು ಅನ್ನೋ ನನಗೆ ಆ ಒಂದು ಗಂಟೆ ಕಳೆಯೋದೇ ಕಷ್ಟವಾಗಿತ್ತು. ಒಂದು ದಿನ ಬೆಳಗ್ಗೆ ಐದೂವರೆಗೆ, ಸುಮ್ನೆ ಕೂರೋ ಬದಲು ನೋಟ್‌ಬುಕ್ ತೆಗೆದೆ. ಓಬವ್ವ ತೋಳು ಸೋತು ಒನಕೆಯನ್ನು ಒಂದು ಗಳಿಗೆ ಗೋಡೆಗೆ ಒರಗಿಸೋ ಸಾಲು ಬಂತು. ಎಷ್ಟೋ ರಾತ್ರಿ ಕಾದರೂ ಬಾರದೆ ಇದ್ದ ಸಾಲು ಅದು. ಈಗ ನನ್ನ ಬರವಣಿಗೆಯೆಲ್ಲ ಮಾತ್ರೆಗೂ ಕಾಫಿಗೂ ನಡುವೆಯೇ. ಸಂಜೆ ಕುಂದುವಾಡ ಕೆರೆ ಏರಿ ಮೇಲೆ ನಡೆಯುವಾಗ ಮುಂದಿನ ಕಂತು ತಲೆಯಲ್ಲಿ ಓಡುತ್ತಿರುತ್ತದೆ, ಬೆಳಗ್ಗೆ ಕೂತು ಬರೆದುಬಿಡುತ್ತೇನೆ.

ನೋಟ್‌ಬುಕ್ಕಿನ ಮುಂದಿನಿಂದ ಕಥೆ, ಹಿಂದಿನಿಂದ ಆರೋಗ್ಯ. ಏನಾದರೂ ಅನುಮಾನ ಬಂದರೆ ತಾರೀಕು ಹಾಕಿ ಹಿಂದಿನ ಪುಟದಲ್ಲಿ ಬರೆಯುತ್ತೇನೆ, ಡಾಕ್ಟರ್ ಹತ್ತಿರ ಹೋದಾಗ ಅದನ್ನೇ ಓದುತ್ತೇನೆ. ಮಾತ್ರೆಯ ಡೋಸ್ ಬದಲಾದರೆ ಥೈರಾಯ್ಡಿನ ರಕ್ತಪರೀಕ್ಷೆಯಾದ ಟಿಎಸ್‌ಎಚ್ ಮತ್ತೆ ನೋಡೋದು ಆರರಿಂದ ಎಂಟು ವಾರ ಬಿಟ್ಟು. ಅಲ್ಲಿತನಕ ದಿನಾ ಗೂಗಲ್ ಮಾಡಿದರೂ ಹೊಸದೇನು ಸಿಗುತ್ತದೆ, ಅಲ್ವಾ?

ನಿಮ್ಮ ಬಿಪಿಗೂ ಹಾಗೇ ಮಾಡಿ. ಅಳೆಯೋಕೆ ಅರ್ಧ ಗಂಟೆ ಮುಂಚೆಯಿಂದ ಕಾಫಿ ಬೇಡ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ಐದು ನಿಮಿಷ ಸುಮ್ನೆ ಕೂತು ಆಮೇಲೆ ನೋಡಿ. ಅಂಕಿಯನ್ನು ಹಿಂದಿನ ಪುಟದಲ್ಲಿ ಬರೆದು, ನೋಟ್‌ಬುಕ್ ತಿರುಗಿಸಿ ಕಥೆಗೆ ಬನ್ನಿ. ಗುಂಪಿನಲ್ಲಿ ಜಗಳ ಓದಿದ ಕೂಡಲೇ ಮಾತ್ರ ಬಿಪಿ ನೋಡಬೇಡಿ. ಓಬವ್ವ ಅಳಬಹುದೋ ಬಾರದೋ ಅಂತ ನಮ್ಮಲ್ಲಿ ರಾತ್ರಿ ಹನ್ನೆರಡರ ತನಕ ವಾದ ನಡೆದಿದೆ. ಅಳಬಹುದು ಅಂತ ನಾನು ಈಗಲೂ ಹೇಳುತ್ತೇನೆ. ಆದರೆ ಒಂಬತ್ತಾದ ಮೇಲೆ ಗುಂಪನ್ನು ಮ್ಯೂಟ್ ಮಾಡಿಬಿಡುತ್ತೇನೆ.

ಓದುಗರು ಬೇಜಾರಾಗುತ್ತಾರೆ ಅನ್ನೋ ಭಯ ನನಗೂ ಇತ್ತು. "ಹುಷಾರಿಲ್ಲ, ಇನ್ನು ಭಾನುವಾರ ಮಾತ್ರ ಕಂತು" ಅಂತ ಹಾಕಿದೆ. ಹೊಳಲ್ಕೆರೆ ಕಡೆಯ ಒಬ್ಬ ಹುಡುಗಿ ಬರೆದಳು: "ನಿಧಾನಕ್ಕೆ ಬರೀರಿ ಅಕ್ಕ. ಒನಕೆ ಅಲ್ಲೇ ಗೋಡೆಗೆ ಒರಗಿರ್ಲಿ." ನೀವೂ ನಿಮ್ಮ ಓದುಗರಿಗೆ ಇವತ್ತೇ ಒಂದು ಸಾಲು ಹಾಕಿಬಿಡಿ.