ಹಳೆಯ ಉಕ್ಕಿನ ಸ್ಕೂಬಾ ಸಿಲಿಂಡರಿನ ವಾಲ್ವ್ ಅನ್ನು ಮನೆಯಲ್ಲೇ ಬದಲಿಸಬಹುದೇ?

ಗಂಗಾವತಿಯಿಂದ ನೀವು ಕೇಳಿರುವುದು ಇಷ್ಟು: ನಿಮ್ಮ ದೊಡ್ಡಪ್ಪನವರು ಬಿಟ್ಟುಹೋದ, ನೀರಿನಡಿಯಲ್ಲಿ ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವ ಉಕ್ಕಿನ ಸ್ಕೂಬಾ ಸಿಲಿಂಡರಿನ ಭುಜದ ಮೇಲೆ 3ಎಎ2250 ಎಂಬ ಅಚ್ಚಿದೆ, ವಾಲ್ವಿನ ಪಕ್ಕದಲ್ಲೊಂದು ಸಣ್ಣ ಲಿವರ್ ಇದೆ, ಎರಡು ತಿಂಗಳ ಹಿಂದೆ ತುಂಬಿಸಿದ ಗಾಳಿ ವಾಲ್ವಿನ ಬುಡದಿಂದ ನಿಧಾನವಾಗಿ ಸೋರುತ್ತಿದೆ. ಹೊಸ ವಾಲ್ವ್ ತರಿಸಿ ನೀವೇ ಕೂರಿಸಿ, ನದಿಯಲ್ಲಿ ಪಂಪಿನ ಪೈಪು ನೀರೆಳೆಯುವ ಬಾಯಿಯಲ್ಲಿರುವ ಫುಟ್‌ವಾಲ್ವ್ ಶುಚಿ ಮಾಡಲು ಅದನ್ನು ಕಟ್ಟಿಕೊಂಡು ಇಳಿಯಬಹುದೇ ಎಂಬುದು ನಿಮ್ಮ ಪ್ರಶ್ನೆ.

ಬಳ್ಳಾರಿಯಲ್ಲಿ ಸ್ಪಾಂಜ್ ಐರನ್ ಕಾರ್ಖಾನೆಗಳ ರಕ್ಷಣಾ ತಂಡದವರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿ ಸಿಲಿಂಡರುಗಳ ವಾಲ್ವ್ ಕೆಲಸವನ್ನು ನಾನು 22 ವರ್ಷಗಳಿಂದ ಮಾಡುತ್ತಿದ್ದೇನೆ. ನೀರಿಗಿಳಿಯುವವರ ಸಿಲಿಂಡರುಗಳೂ ಆಗಾಗ ನನ್ನ ಬಳಿಗೆ ಬರುತ್ತವೆ. ವಾಲ್ವ್ ಬಿಚ್ಚಿ ಕೂರಿಸುವುದು ಕಷ್ಟದ ಕೆಲಸವಲ್ಲ. ಆದರೆ ಸಿಲಿಂಡರ್ ನಿಜವಾಗಿ ಖಾಲಿಯಾಗಿದೆಯೇ, ಹೊಸ ವಾಲ್ವಿನ ಥ್ರೆಡ್ (ತಿರುಪಿನ ಹಲ್ಲು) ಅದಕ್ಕೇ ಸೇರಿದ್ದೇ ಎಂಬ ಎರಡು ವಿಷಯಗಳನ್ನು ಖಚಿತಪಡಿಸಿಕೊಳ್ಳದೆ ಅದಕ್ಕೆ ಪಾನಾ ಹಚ್ಚಬಾರದು.

ಮೊದಲು ಆ ಲಿವರಿನ ವಿಷಯ ಹೇಳುತ್ತೇನೆ. ಅಂಥ ವಾಲ್ವಿಗೆ ಜೆ-ವಾಲ್ವ್ ಎನ್ನುತ್ತಾರೆ. ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರು ಎಲ್ಲರ ಬಳಿ ಇಲ್ಲದಿದ್ದ ಕಾಲದಲ್ಲಿ, ಒತ್ತಡ ಸುಮಾರು 300 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ) ಇಳಿದಾಗ ಒಳಗಿನ ಸ್ಪ್ರಿಂಗು ದಾರಿಯನ್ನು ಮುಚ್ಚುತ್ತಿತ್ತು. ಉಸಿರು ಬಿಗಿಯಾದೊಡನೆ ಈಜುಗಾರನು ಕಂಬಿ ಎಳೆದು ಲಿವರನ್ನು ಕೆಳಗಿಳಿಸಿ, ಉಳಿದ ಗಾಳಿಯಲ್ಲಿ ಮೇಲಕ್ಕೆ ಬರುತ್ತಿದ್ದನು. ಅಂದು ಜೀವ ಉಳಿಸುತ್ತಿದ್ದ ಆ ಏರ್ಪಾಡೇ ಇಂದು ವಾಲ್ವ್ ಬಿಚ್ಚುವವನಿಗೆ ಅಪಾಯಕಾರಿ. ಲಿವರ್ ಮೇಲಿದ್ದಾಗ ನೀವು ವಾಲ್ವ್ ತೆರೆದರೆ ಗಾಳಿ ಭುಸುಗುಟ್ಟಿ ಹೊರಬಂದು, ಸಣ್ಣಗಾಗಿ, ಪೂರ್ತಿ ನಿಲ್ಲುತ್ತದೆ. ಖಾಲಿಯಾಯಿತೆಂದು ಯಾರಿಗಾದರೂ ಅನಿಸುತ್ತದೆ, ಆದರೆ ಒಳಗೆ ಇನ್ನೂ 300 ಪಿಎಸ್‌ಐ ಕೂತಿರುತ್ತದೆ.

ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಸದ್ದು ನಿಂತ ಮೇಲೆ ಸಿಲಿಂಡರನ್ನು ಮರದ ಹಲ್ಲಿನ ವೈಸ್‌ಗೆ ಹಿಡಿಸಿ, ಪಾನಾ ಹಾಕಿ ಎರಡು ಸುತ್ತು ತಿರುಗಿಸಿದೆ. ಖಾಲಿ ಸಿಲಿಂಡರಿನ ವಾಲ್ವ್ ಒಮ್ಮೆ ಸಡಿಲವಾದರೆ ಬೆರಳಲ್ಲೇ ತಿರುಗಬೇಕು. ಅದು ಮಾತ್ರ ಬಿಗಿಯಾಗಿಯೇ, ಮರಳು ಅರೆದಂತೆ ಕರಕರ ಎನ್ನುತ್ತಾ ಬರುತ್ತಿತ್ತು. ಮೂರನೆಯ ಸುತ್ತಿಗೆ ಕೈ ಹಾಕುವಷ್ಟರಲ್ಲಿ ಕುತ್ತಿಗೆಯ ಸುತ್ತಲೂ ತುಕ್ಕಿನ ಬಣ್ಣದ ತೆಳುವಾದ ಮಂಜು ಸುಯ್ಯೆಂದು ಎದ್ದು ನನ್ನ ಮುಂಗೈ ಮೇಲೆ ಕೂತಿತು. ನಮ್ಮ ಮೇಸ್ತ್ರಿಯವರು ದೂರದಿಂದಲೇ ಕೂಗಿದರು. ನಾನು ಪಾನಾವನ್ನು ಹಿಂದಕ್ಕೆ ತಿರುಗಿಸಿ ಬಿಗಿ ಮಾಡಿದೆ. ಅವರು ಬಂದು ಏನೂ ಮಾತನಾಡದೆ ಲಿವರನ್ನು ಕೆಳಗಿಳಿಸಿದಾಗ, ಖಾಲಿ ಎಂದುಕೊಂಡಿದ್ದ ಆ ಸಿಲಿಂಡರಿನಿಂದ ಬಹಳ ಹೊತ್ತು ಗಾಳಿ ಬಂತು. ಸುಮಾರು 12 ಲೀಟರ್ ಒಡಲಿನ ಸಿಲಿಂಡರಿನಲ್ಲಿ 300 ಪಿಎಸ್‌ಐ ಎಂದರೆ 240 ಲೀಟರಿನಷ್ಟು ಗಾಳಿ.

ಆದ್ದರಿಂದ ಲಿವರನ್ನು ಕೆಳಗಿಳಿಸಿ, ವಾಲ್ವನ್ನು ಪೂರ್ತಿ ತೆರೆದು, ಒಂದು ರಾತ್ರಿ ಹಾಗೆಯೇ ಬಿಡಿ. ಲಿವರ್ ಅಥವಾ ಹಿಡಿಕೆ ಜಾಮ್ ಆಗಿದ್ದರೆ, ಇಲ್ಲವೇ ಒಳಗಿನ ಸಣ್ಣ ಕೊಳವೆಯಲ್ಲಿ ತುಕ್ಕಿನ ಪುಡಿ ಕಟ್ಟಿಕೊಂಡಿರುವ ಸಂಶಯವಿದ್ದರೆ, ಮನೆಯಲ್ಲಿ ಬಿಚ್ಚಲೇಬೇಡಿ. ಮೊದಲ ಸಡಿಲಿಕೆಯ ನಂತರವೂ ವಾಲ್ವ್ ಕೈಯಿಂದ ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಬಿಚ್ಚುವಾಗ ಮುಖವನ್ನು ವಾಲ್ವಿನ ನೇರಕ್ಕೆ ಎಂದೂ ತರಬಾರದು.

ಇನ್ನು ಥ್ರೆಡ್. ನಿಮ್ಮದು ಅಮೆರಿಕದ ಮಾದರಿಯ ಸಿಲಿಂಡರು. 2250 ಎಂಬುದು ಪಿಎಸ್‌ಐನಲ್ಲಿ ಅದರ ಕೆಲಸದ ಒತ್ತಡ, ಅಂದರೆ ಸುಮಾರು 155 ಬಾರ್. ಇವುಗಳಲ್ಲಿ ಬಹುಪಾಲಿಗೆ ಮುಕ್ಕಾಲು ಇಂಚಿನ, ಇಂಚಿಗೆ 14 ಹಲ್ಲಿನ ನೇರ ಥ್ರೆಡ್ ಇರುತ್ತದೆ. ತೀರಾ ಹಳೆಯವಕ್ಕೆ ಅರ್ಧ ಇಂಚಿನ, ತುದಿಗೆ ಸಪೂರವಾಗುವ ಥ್ರೆಡ್ ಇದ್ದು, ಅದರಲ್ಲಿ ಓ-ರಿಂಗ್, ಅಂದರೆ ಸೋರಿಕೆ ತಡೆಯುವ ರಬ್ಬರ್ ಬಳೆ, ಇರುವುದಿಲ್ಲ. ಈಗ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ ಅನೇಕ ವಾಲ್ವುಗಳು ಯುರೋಪಿನ ಎಂ25 ಅಳತೆಯವು. ಎಂ25 ವಾಲ್ವಿನ ಹೊರ ವ್ಯಾಸ 25 ಮಿ.ಮೀ., ಹಲ್ಲಿನಿಂದ ಹಲ್ಲಿಗೆ 2 ಮಿ.ಮೀ.; ಮುಕ್ಕಾಲು ಇಂಚು ಎಂಬುದು ಪೈಪಿನ ಅಳತೆಯ ಹೆಸರಷ್ಟೇ, ಅದರ ಹೊರ ವ್ಯಾಸ 26 ಮಿ.ಮೀ.ಗೆ ತುಸು ಹೆಚ್ಚು, ಹಲ್ಲಿನಿಂದ ಹಲ್ಲಿಗೆ 1.81 ಮಿ.ಮೀ. ಈ ಸಣ್ಣ ವ್ಯತ್ಯಾಸದಿಂದಾಗಿ ಎಂ25 ವಾಲ್ವ್ ಮುಕ್ಕಾಲು ಇಂಚಿನ ಕುತ್ತಿಗೆಯೊಳಗೆ ಹೋಗಿಬಿಡುತ್ತದೆ, ಓ-ರಿಂಗ್ ಒತ್ತಿಕೊಂಡು ಸೋರಿಕೆಯೂ ನಿಲ್ಲಬಹುದು, ಆದರೆ ಹಲ್ಲುಗಳು ತುದಿಯಲ್ಲಷ್ಟೇ ಕಚ್ಚಿಕೊಂಡಿರುತ್ತವೆ. ಹೀಗೆ ಕೂರಿಸಿದ ವಾಲ್ವುಗಳು ತುಂಬಿಸುವಾಗ ಗುಂಡಿನಂತೆ ಹಾರಿ ಜನ ಸತ್ತ ಘಟನೆಗಳು ಬೇರೆ ದೇಶಗಳಲ್ಲಿ ನಡೆದಿವೆ. ಪೂರ್ತಿ ತುಂಬಿದ ನಿಮ್ಮ ಸಿಲಿಂಡರಿನೊಳಗಿಂದ ವಾಲ್ವನ್ನು ಹೊರತಳ್ಳುವ ಬಲ ಸುಮಾರು 800 ಕಿಲೋ. ನಿಮ್ಮೂರಿನ ಲೆಕ್ಕದಲ್ಲಿ 75 ಕಿಲೋದ ಹತ್ತು ಚೀಲ ಭತ್ತಕ್ಕಿಂತ ಹೆಚ್ಚಿನ ಭಾರವನ್ನು ಆ ಹಲ್ಲುಗಳು ತಡೆಯಬೇಕು. ತಿರುಗಿ ಕೂತಿತು ಎಂಬ ಒಂದೇ ಕಾರಣಕ್ಕೆ ಅದು ಸರಿಯಾದ ವಾಲ್ವ್ ಎಂದು ಯಾರು ಹೇಳಿದರೂ ನಂಬಬೇಡಿ. ವ್ಯಾಸಕ್ಕೆ ವರ್ನಿಯರ್, ಹಲ್ಲಿನ ಅಂತರಕ್ಕೆ ಪಿಚ್ ಗೇಜ್ ಹಿಡಿದು ಹಳೆಯದನ್ನೂ ಹೊಸದನ್ನೂ ಅಳೆಯಿರಿ.

ಥ್ರೆಡ್ ಸರಿಯಿದ್ದರೂ ವಾಲ್ವಿನ ಪಕ್ಕದ ಬರ್ಸ್ಟ್ ಡಿಸ್ಕ್ ನೋಡಬೇಕು. ಒತ್ತಡ ಮಿತಿ ಮೀರಿದಾಗ ಸಿಲಿಂಡರಿಗಿಂತ ಮೊದಲು ತಾನು ಒಡೆದು ಗಾಳಿ ಬಿಡುವ ತೆಳು ತಗಡು ಅದು. 2250ರ ಸಿಲಿಂಡರಿನ ಪರೀಕ್ಷಾ ಒತ್ತಡ 3750 ಪಿಎಸ್‌ಐ. ಡಿಸ್ಕ್ ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಒಡೆಯುವಂಥದ್ದಾಗಿರಬಾರದು. 3000ದ ಅಲ್ಯೂಮಿನಿಯಂ ಸಿಲಿಂಡರಿಗೆಂದು ಬರುವ ವಾಲ್ವಿನ ಡಿಸ್ಕ್ 4500ರಿಂದ 5000ದ ನಡುವೆ ಒಡೆಯುವಂಥದ್ದು. ನಿಮ್ಮ ಸಿಲಿಂಡರಿಗೆ ಅದರಿಂದ ರಕ್ಷಣೆಯಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಮಾಧಾನದ ಮಾತೂ ಇದೆ. ನೇರ ಥ್ರೆಡ್ಡಿನ ವಾಲ್ವ್ ಬುಡದಲ್ಲಿ ಸೋರಿದರೆ ನನ್ನ ಮೊದಲ ಸಂಶಯ ಕುತ್ತಿಗೆಯ ಓ-ರಿಂಗ್ ಮೇಲೆ. ಅದು ಗಟ್ಟಿಯಾಗಿ ಬಿರಿದಿರುತ್ತದೆ, ಅಥವಾ ಅದು ಕೂರುವ ಅಂಚಿನಲ್ಲಿ ಕೊಳೆ ಇರುತ್ತದೆ. ಹಳೆಯ ಹಿತ್ತಾಳೆಯ ವಾಲ್ವಿನ ಮೈ ಗಟ್ಟಿಯಾಗಿದ್ದರೆ ಸೀಟು, ಓ-ರಿಂಗ್, ಡಿಸ್ಕ್ ಬದಲಿಸಿ ಅದನ್ನೇ ಉಳಿಸಿಕೊಳ್ಳುವುದು ನನಗೆ ಇಷ್ಟ. ಅಂಚನ್ನು ಒರೆಸಲು ಬಳ್ಳಾರಿಯ ವರ್ಕ್‌ಶಾಪುಗಳಲ್ಲೆಲ್ಲ ಬಿದ್ದಿರುವ ಜೀನ್ಸ್ ಕಟಿಂಗ್ ಬಟ್ಟೆ ಬೇಡ, ಅದರ ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಸೋರುತ್ತದೆ. ಓ-ರಿಂಗಿಗೆ ಸಿಲಿಕೋನ್ ಗ್ರೀಸನ್ನು ಹೊಳಪು ಬರುವಷ್ಟು ಮಾತ್ರ ಸವರಿ. ಎಂಜಿನ್ ಆಯಿಲ್, ಮಾಮೂಲಿ ಗ್ರೀಸು, ಟೆಫ್ಲಾನ್ ಟೇಪು ಇಲ್ಲಿ ಬರಕೂಡದು. ಗಾಳಿಯನ್ನು ತಡೆಯುವುದು ಓ-ರಿಂಗೇ ಆದ್ದರಿಂದ ವಾಲ್ವನ್ನು ಮೈಭಾರ ಹಾಕಿ ಬಿಗಿಯಬೇಕಿಲ್ಲ.

ವಾಲ್ವ್ ಹೊರಗಿರುವಾಗಲೇ ತಂತಿಗೆ ಕಟ್ಟಿದ ಸಣ್ಣ ಬಲ್ಬನ್ನು ಸಿಲಿಂಡರಿನೊಳಗೆ ಇಳಿಸಿ ನೋಡಿ. ತೆಳುವಾದ ಕೇಸರಿ ಪುಡಿಯಾದರೆ ಉಜ್ಜಿ ತೊಳೆದು ಒಣಗಿಸಬಹುದು. ಗುಳಿ ಬಿದ್ದಿದ್ದರೆ, ಅಥವಾ ಒಳಗೆ ಬಳಿದಿರುವ ಎಪಾಕ್ಸಿ ಪದರ ಎದ್ದು ಅದರಡಿಯಲ್ಲಿ ತುಕ್ಕು ಹಿಡಿದಿದ್ದರೆ, ಅದಕ್ಕೆ ಹೊಸ ವಾಲ್ವಿನ ಖರ್ಚು ಮಾಡಬೇಡಿ. ತುಕ್ಕು ಸಿಲಿಂಡರಿನೊಳಗಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ತೇವವಿದ್ದ ಉಕ್ಕಿನ ಸಿಲಿಂಡರಿನಲ್ಲಿ ಬಹುಕಾಲ ನಿಂತ ಗಾಳಿ ವಾಸನೆಯಿಲ್ಲದೆಯೂ ಉಸಿರಾಟಕ್ಕೆ ಅಯೋಗ್ಯವಾಗಿರಬಹುದು. ಈಗ ಅದರಲ್ಲಿ ಉಳಿದಿರುವ ಗಾಳಿಯನ್ನು ಪರೀಕ್ಷೆಗೆಂದೂ ಸೇದಬೇಡಿ.

ಕೊನೆಗೆ, ವಾಲ್ವ್ ಸರಿಯಾದ ಮಾತ್ರಕ್ಕೆ ಸಿಲಿಂಡರು ತುಂಬಿಸಲು ಯೋಗ್ಯವಾಗುವುದಿಲ್ಲ. ನೀರಿನೊತ್ತಡದ ಪರೀಕ್ಷೆಯಲ್ಲಿ ಅದು ಹಿಗ್ಗಿ ಮತ್ತೆ ಮೊದಲಿನ ಗಾತ್ರಕ್ಕೆ ಬರಬೇಕು. ಅಮೆರಿಕದ ನಿಯಮದಂತೆ ಒಟ್ಟು ಹಿಗ್ಗಿದ್ದರಲ್ಲಿ ಶೇ. 10ಕ್ಕಿಂತ ಹೆಚ್ಚು ಹಾಗೆಯೇ ಉಳಿದರೆ ಸಿಲಿಂಡರು ರದ್ದು. ನಮ್ಮಲ್ಲಿ 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೋ (ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಒಪ್ಪಿಗೆ ಇಲ್ಲದ ಸಿಲಿಂಡರನ್ನು ತುಂಬಿಸುವಂತಿಲ್ಲ, ಹೊರದೇಶದ ಹಳೆಯ ಸಿಲಿಂಡರಿಗೆ ಆ ಒಪ್ಪಿಗೆ ಇರುವುದು ಅಪರೂಪ. ಫುಟ್‌ವಾಲ್ವ್ ಕೆಲಸಕ್ಕೆ ತರಬೇತಿ ಪಡೆದವರನ್ನೇ, ಅವರದೇ ಸಲಕರಣೆಯೊಂದಿಗೆ ಕರೆಸಿ. ಪಂಪು ಓಡುತ್ತಿರುವಾಗ ಆ ಬಾಯಿಯ ಹತ್ತಿರ ಯಾರೂ ಇಳಿಯಬಾರದು. ದೊಡ್ಡಪ್ಪನವರ ಸಿಲಿಂಡರನ್ನು ನೆನಪಿಗೆ ಇಟ್ಟುಕೊಳ್ಳುವುದಾದರೆ ಮೇಲೆ ಹೇಳಿದಂತೆ ಪೂರ್ತಿ ಖಾಲಿ ಮಾಡಿಯೇ ಇಡಿ. ಭುಜದ ಅಚ್ಚಿನ ಫೋಟೋ ಮತ್ತು ವಾಲ್ವ್ ಬಿಚ್ಚಿದ ಮೇಲಿನ ಎರಡು ಅಳತೆಗಳನ್ನು ಇಲ್ಲಿ ಹಾಕಿದರೆ ಯಾವ ಓ-ರಿಂಗ್, ಯಾವ ಡಿಸ್ಕ್ ಎಂದು ಹೇಳುತ್ತೇನೆ. ಅಲ್ಲಿಯವರೆಗೆ ಯಾರಿಂದಲೂ ಅದಕ್ಕೆ ಮತ್ತೆ ಗಾಳಿ ತುಂಬಿಸಬೇಡಿ.