ಬಿಕಿನಿ ಕಿಲ್ ತಂಡದ ಮೊದಲ ಕ್ಯಾಸೆಟ್ ಮತ್ತು ಟೋಗೋ ಬಾಲಕಿಯರ ಶುಲ್ಕ

ಅಮೆರಿಕದ ಪಂಕ್ ರಾಕ್ ತಂಡ ಬಿಕಿನಿ ಕಿಲ್‌ನ ಮೊದಲ ಕ್ಯಾಸೆಟ್ ಹುಡುಕುತ್ತಿರುವ ಓದುಗರೊಬ್ಬರು, ತಮ್ಮ ಸಿಡಿಯಲ್ಲಿ ಹಾಡು ಬೇರೆಯಾಗಿ ಕೇಳುವುದೇಕೆ, ಕೊಳ್ಳಲು ಕೊಡುವ ಹಣ ಬಾಲಕಿಯರ ಶಾಲೆಗೆ ಸೇರುತ್ತದೆಯೇ ಎಂದು ಕೇಳಿದ್ದಾರೆ. ‘ಡಬಲ್ ಡೇರ್ ಯಾ’ ಹಾಡು ನಿಮ್ಮ ಸಿಡಿಯಲ್ಲಿ ಬೇರೆಯಾಗಿಯೇ ಕೇಳುತ್ತಿದೆಯೆಂದರೆ, ನಿಮ್ಮ ಕೈಯಲ್ಲಿರುವುದು ಬಹುಶಃ ತಂಡದ 1992ರ ಇಪಿಯ (ಕೆಲವೇ ಹಾಡುಗಳ ಕಿರು ಆಲ್ಬಮ್ಮಿನ) ಧ್ವನಿಮುದ್ರಣ. ನೀವು ಹುಡುಕುತ್ತಿರುವುದು 1991ರಲ್ಲಿ ತಂಡವೇ ಹೊರತಂದ ‘ರೆವಲ್ಯೂಷನ್ ಗರ್ಲ್ ಸ್ಟೈಲ್ ನೌ’ ಎಂಬ ಡೆಮೊ (ಮಾದರಿ ಧ್ವನಿಮುದ್ರಣದ) ಕ್ಯಾಸೆಟ್. ಐದು ಹಾಡುಗಳು ಎರಡರಲ್ಲೂ ಇರುವುದರಿಂದ ಈ ಗೊಂದಲವಾಗುತ್ತದೆ.

ಮೊದಲು ಹಾಡುಗಳ ಪಟ್ಟಿಯನ್ನು ನೋಡಿ. ‘ಕ್ಯಾಂಡಿ’ ಇಲ್ಲದಿದ್ದರೆ ಅದು ಡೆಮೊ ಅಲ್ಲ. ಬಳಿಕ, ತಂಡದ ಸ್ವಂತ ಲೇಬಲ್ 2015ರಲ್ಲಿ ಮೂರು ಅಪ್ರಕಟಿತ ಹಾಡುಗಳನ್ನು ಸೇರಿಸಿ ಮರುಬಿಡುಗಡೆ ಮಾಡಿದ ಆವೃತ್ತಿಯನ್ನೇ ಕೊಳ್ಳಿ. ಮೂಲ ಕ್ಯಾಸೆಟ್ ಎಂದು ದುಬಾರಿ ಬೆಲೆಗೆ ಮಾರುವವರಿಂದ ದೂರವಿರುವುದೇ ಲೇಸು, ಏಕೆಂದರೆ ಮನೆಯಲ್ಲಿ ನಕಲು ಮಾಡಿದ ಟೇಪನ್ನು ಚಿತ್ರ ನೋಡಿ ಗುರುತಿಸುವುದು ಕಷ್ಟ.

ಇನ್ನು ಆಲ್ಬಮ್ಮಿಗೆ ಕೊಟ್ಟ ಹಣ ಬಾಲಕಿಯರ ಶಾಲೆಗೆ ಸೇರುತ್ತದೆಯೇ ಎಂಬ ಪ್ರಶ್ನೆ. ನೀವು ಕೇಳಿರುವುದು ಪ್ರಾಯಶಃ ತಂಡದ ಗಾಯಕಿ ಕ್ಯಾಥ್ಲೀನ್ ಹ್ಯಾನಾ 2018ರಲ್ಲಿ ಆರಂಭಿಸಿದ ‘ಟೀಸ್ ಫಾರ್ ಟೋಗೋ’ ಎಂಬ ಟೀ ಶರ್ಟ್ ಮಾರಾಟದ ಬಗ್ಗೆ. ಅದರ ಆದಾಯ ಪಶ್ಚಿಮ ಆಫ್ರಿಕಾದ ಟೋಗೋ ದೇಶದ ದಪಾಂಗ್ ಊರಿನ ಬಡ ಬಾಲಕಿಯರ ಶಾಲಾ ಶುಲ್ಕ ಭರಿಸುವ ‘ಪೀಸ್ ಸಿಸ್ಟರ್ಸ್’ ಸಂಸ್ಥೆಗೆ ಮೀಸಲು. ಆಲ್ಬಮ್ಮಿನ ಮಾರಾಟ ಪುಟದಲ್ಲಿ ಸ್ಪಷ್ಟವಾಗಿ ಬರೆದಿರದ ಹೊರತು ಅದರ ಬೆಲೆಯನ್ನು ದೇಣಿಗೆಯೆಂದು ಎಣಿಸಬೇಡಿ. ನೆರವೇ ಉದ್ದೇಶವಾದರೆ ನೇರವಾಗಿ ಸಂಸ್ಥೆಗೇ ಕೊಡಿ. ಭಾರತದ ಕಾರ್ಡಿನಿಂದ ಪಾವತಿಸುವ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟಿನ ಆಯ್ಕೆಯನ್ನು ಚಾಲೂ ಮಾಡಿಕೊಳ್ಳಿ. ವಿದೇಶಿ ಸಂಸ್ಥೆಗೆ ನೇರವಾಗಿ ಕೊಟ್ಟ ಹಣಕ್ಕೆ ಭಾರತದಲ್ಲಿ ದೇಣಿಗೆಯ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ.