ಗಾಡಿ ಪ್ರಶ್ನೋತ್ತರ: ಬಿಸಿಲ ನಾಡಿನಲ್ಲಿ ಹಳೆಯ ಬಿಎಂಡಬ್ಲ್ಯು

ಹಳೆಯ 3 ಸೀರೀಸ್ ಗಾಡಿಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: 2010ರ 325ಐ ಅದರೀ, ಪೆಟ್ರೋಲ್. ಬ್ಯಾಸಗ್ಯಾಗ ಎಸಿ ಹಾಕ್ಕೊಂಡು ಸಿಗ್ನಲ್‌ನ್ಯಾಗ ನಿಂತ್ರ ಬಿಸಿ ದೀಪ ಹಳದಿ ಆಗ್ತದ. ಮೆಕ್ಯಾನಿಕ್ ನೀರು ತುಂಬಿಸಿ ಕಳಿಸ್ತಾನ. ಥರ್ಮೋಸ್ಟಾಟ್ ತೆಗೆದು ಓಡಸಬಹುದೇನ್ರಿ? (ಕಲಬುರಗಿ)

ಉತ್ತರ: ತೆಗೆಯಲೇಬೇಡಿ. ನಿಮ್ಮ ಗಾಡಿಯ ಎನ್52 ಎಂಜಿನ್ ಹಗುರವಾಗಿ ಓಡುವಾಗ 112 ಡಿಗ್ರಿವರೆಗೂ ಬಿಸಿ ಇರುವಂತೆ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಜೋರಾಗಿ ತುಳಿದರೆ 80ರ ಹತ್ತಿರಕ್ಕೆ ಇಳಿಸುತ್ತದೆ. ಈ ಕೆಲಸ ಮಾಡುವುದು, ತಣಿಸುವ ದ್ರವದ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಮತ್ತು ಆ ದ್ರವ ಸುತ್ತಿಸುವ ವಾಟರ್ ಪಂಪ್ ಜೋಡಿ. ಪಂಪ್ ಬೆಲ್ಟಿನಿಂದ ತಿರುಗುವುದಲ್ಲ, ಅದಕ್ಕೆ ಸ್ವಂತ ವಿದ್ಯುತ್ ಮೋಟಾರ್ ಇದೆ. 112 ಡಿಗ್ರಿಯಲ್ಲೂ ಆ ದ್ರವ, ಅಂದರೆ ಕೂಲಂಟ್, ಕುದಿಯದಿರುವುದು ಒಳಗಿನ ಒತ್ತಡದಿಂದ. ಕೂಲಂಟ್ ತುಂಬುವ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ (ಎಕ್ಸ್‌ಪಾನ್ಷನ್ ಟ್ಯಾಂಕ್) ಕೂದಲೆಳೆಯಷ್ಟು ಬಿರುಕು ಬಿಟ್ಟರೂ, ಮುಚ್ಚಳದ ರಬ್ಬರ್ ಸೆಟೆದರೂ ಒತ್ತಡ ಹೋಯಿತು, ಕುದಿಯಿತು.

ಎಂಜಿನ್ ತಣ್ಣಗಿದ್ದಾಗ ಎಕ್ಸ್‌ಪಾನ್ಷನ್ ಟ್ಯಾಂಕಿನ ಬೆಸುಗೆ, ಪೈಪುಗಳ ಪ್ಲಾಸ್ಟಿಕ್ ತುದಿ, ರೇಡಿಯೇಟರಿನ ಎರಡೂ ಬದಿ ನೋಡಿ. ಒಣಗಿದ ಬಿಳಿ ಅಥವಾ ನೀಲಿ ಕಲೆ ಇದ್ದರೆ ಸೋರಿಕೆ ಅಲ್ಲಿಯೇ. ಎಸಿ ಹಾಕಿದಾಗ ಫ್ಯಾನ್ ತಿರುಗುತ್ತದೆಯೇ ನೋಡಿ. ನಿಂತಾಗ ಮಾತ್ರ ಬಿಸಿಯಾಗುವ ಗಾಡಿಯಲ್ಲಿ ಮೊದಲ ಅನುಮಾನ ಫ್ಯಾನಿನ ಮೇಲೆ, ಎರಡನೆಯದು ರೇಡಿಯೇಟರಿನ ಮುಂದಿರುವ ಎಸಿಯ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕೂತ ಧೂಳಿನ ಮೇಲೆ. ತೊಗರಿ ರಾಶಿಯ ಹೊಟ್ಟು, ಸೇಡಂ ರಸ್ತೆಯ ಸಿಮೆಂಟ್ ಪುಡಿ ಎರಡೂ ಅಲ್ಲಿ ಗಟ್ಟಿಯಾಗಿ ಕೂರುತ್ತವೆ. ಫ್ಯಾನ್ ಬಿಚ್ಚಿ, ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ. ಪ್ರೆಶರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಇವೆರಡೂ ಸರಿ ಇದ್ದರೆ ಸ್ಕ್ಯಾನರ್ ಹಾಕಿಸಿ, ಗಾಡಿಯ ಕಂಪ್ಯೂಟರಿನಲ್ಲಿ ಪಂಪಿನ ದೋಷದ ಕೋಡ್ ಇದೆಯೇ ಓದಿಸಿ. ಒಂದು ಲಕ್ಷ ಕಿ.ಮೀ. ದಾಟಿದ್ದು, ಪಂಪ್ ಬದಲಿಸಿದ ದಾಖಲೆ ಇಲ್ಲದಿದ್ದರೆ ಕೋಡ್ ಬರುವವರೆಗೆ ಕಾಯುವುದೂ ಬೇಡ. ಈ ಪಂಪ್ ಮುನ್ಸೂಚನೆ ಕೊಡದೆ ನಿಂತುಬಿಡುವುದುಂಟು. ಪಂಪ್, ಥರ್ಮೋಸ್ಟಾಟ್ ಒಟ್ಟಿಗೇ ಹಾಕಿಸಿ. ಅಕ್ಕಪಕ್ಕದಲ್ಲೇ ಇರುವುದರಿಂದ ಕೂಲಿ ಒಂದೇ. ಪಂಪಿನ ಅಲ್ಯೂಮಿನಿಯಂ ಬೋಲ್ಟ್‌ಗಳನ್ನು ಹೊಸದೇ ಹಾಕಬೇಕು, ಹಳೆಯವನ್ನು ಮತ್ತೆ ಬಿಗಿದರೆ ತುಂಡಾಗುತ್ತವೆ.

ನೀರಿನ ವಿಷಯವನ್ನು ಒತ್ತಿ ಹೇಳಬೇಕು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಆ ನೆಲದ ಬೋರ್ ನೀರಿನಲ್ಲಿ ಸುಣ್ಣ ಹೇರಳ. ಬಿಸಿಯಾದಾಗ ಅದು ರೇಡಿಯೇಟರಿನ ಸಣ್ಣ ಕೊಳವೆಗಳಿಗೆ ಪದರಾಗಿ ಅಂಟುತ್ತದೆ. ಹಾಕಬೇಕಾದದ್ದು ಜಿ48 ಬಗೆಯ ನೀಲಿ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಪೂರ್ತಿ ತುಂಬಲು ಸುಮಾರು 8 ಲೀಟರ್. ಹಸಿರು, ಕೆಂಪು ಬೆರೆಸಬೇಡಿ.

ತುಂಬಿದ ಮೇಲೆ ಗಾಳಿ ತೆಗೆಯುವ ಕ್ರಮ ಬಹಳ ಮೆಕ್ಯಾನಿಕ್‌ಗಳಿಗೆ ಗೊತ್ತಿರುವುದಿಲ್ಲ. ಬ್ಯಾಟರಿಗೆ ಚಾರ್ಜರ್ ಹಚ್ಚಿ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಕನಿಷ್ಠಕ್ಕೆ ಇಡಿ. ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ 10 ಸೆಕೆಂಡ್ ಹಿಡಿಯಿರಿ. ಪಂಪ್ ತಾನೇ ಗುಂಯ್‌ಗುಡುತ್ತ ಸುಮಾರು 12 ನಿಮಿಷ ಓಡಿ ನಿಲ್ಲುತ್ತದೆ. ಆಮೇಲೆ ಮಟ್ಟ ನೋಡಿ ತುಂಬಿ. ಇದನ್ನು ಬಿಟ್ಟರೆ ಹೊಸ ಪಂಪ್ ಹಾಕಿದರೂ ಹಳದಿ ದೀಪ ಮತ್ತೆ ಬರುತ್ತದೆ. ದೀಪ ಕೆಂಪಾದರೆ ಮಾತ್ರ ಒಂದು ಫರ್ಲಾಂಗೂ ಮುಂದೆ ಹೋಗದೆ ಬಂದ್ ಮಾಡಿ.

ಪ್ರಶ್ನೆ: ದಿಲ್ಲಿ ಕಡೆಯ 2011ರ 320ಡಿ ಭಾಳ ಸೋವಿ ಸಿಗಲಾಕತ್ತದ. ತರಬಹುದಾ? (ಹುಮನಾಬಾದ್)

ಉತ್ತರ: ದಿಲ್ಲಿ ಸುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿ ಬೆಲೆ ಬಿದ್ದಿದೆ. ಆ ಬೆಲೆಯನ್ನು ಇಲ್ಲಿನ ಬೆಲೆ ಎಂದುಕೊಳ್ಳಬೇಡಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ವಯಸ್ಸಿಗೆ ತಕ್ಕಂತೆ ಲೈಫ್ ಟ್ಯಾಕ್ಸ್ ಕಟ್ಟಬೇಕು, ಆಮೇಲೆ ಕರ್ನಾಟಕದ ನಂಬರ್. ನೋಂದಣಿಯಾಗಿ 15 ವರ್ಷ ಮುಗಿದರೆ ಫಾರಂ 25 ಕೊಟ್ಟು, ತಪಾಸಣೆ ಮಾಡಿಸಿ ನವೀಕರಿಸಬೇಕು. ಅದು 5 ವರ್ಷಕ್ಕೆ ಮಾತ್ರ. ಮುಂಗಡ ಕೊಡುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ಟ್ಯಾಕ್ಸ್ ಎಷ್ಟಾಗುತ್ತದೆಂದು ಲೆಕ್ಕ ಹಾಕಿಸಿ.

ಇನ್ನು ಎಂಜಿನ್. ಇದರ ಎನ್47 ಡೀಸೆಲ್‌ನಲ್ಲಿ ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಪಿಸ್ಟನ್ನಿನ ಓಟಕ್ಕೆ ಹೊಂದಿಸುವ ಸರಪಳಿ) ಹಿಂದೆ, ಗೇರ್‌ಬಾಕ್ಸ್ ಕಡೆ ಇದೆ. ಚೈನ್ ಸಡಿಲವಾಗಿ ಕಡಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಹೋಗುತ್ತದೆ. ಬದಲಿಸಲು ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಬೇಕು, ಅದಕ್ಕೇ ಖರ್ಚು ಜಾಸ್ತಿ. ರಾತ್ರಿಯಿಡೀ ನಿಂತ ಗಾಡಿಯನ್ನು ನಿಮ್ಮ ಎದುರೇ ಸ್ಟಾರ್ಟ್ ಮಾಡಿಸಿ. ಬಾನೆಟ್ ತೆಗೆದು ಎಂಜಿನ್ನಿನ ಹಿಂಭಾಗಕ್ಕೆ ಕಿವಿ ಕೊಡಿ. 1500ರಿಂದ 2000 ಆರ್‌ಪಿಎಂ ನಡುವೆ ತಗಡು ಉಜ್ಜಿದಂಥ ಸದ್ದು ಬಂದರೆ ಬಿಟ್ಟುಬಿಡಿ. ಸದ್ದಿಲ್ಲದಿದ್ದರೂ ಆಯಿಲ್ ಬದಲಿಸಿದ ಬಿಲ್ಲುಗಳನ್ನು ಕೇಳಿ. ಡ್ಯಾಶ್‌ಬೋರ್ಡ್ 25,000 ಕಿ.ಮೀ. ಹತ್ತಿರ ತೋರಿಸಿದರೂ ನಮ್ಮ ಧೂಳಿಗೆ, ಸೆಕೆಗೆ 10,000ಕ್ಕೊಮ್ಮೆ ಬದಲಿಸುವುದೇ ಲೇಸು. ಬಿಎಂಡಬ್ಲ್ಯುದ ಲಾಂಗ್‌ಲೈಫ್-04 ದರ್ಜೆಯ ಆಯಿಲ್, 5 ಲೀಟರಿಗೆ ತುಸು ಹೆಚ್ಚು.

ಪ್ರಶ್ನೆ: ಬ್ರೇಕ್ ಹಿಡಿದ್ರ ಸ್ಟಿಯರಿಂಗ್ ನಡಗತದ, ಗುಂಡಿ ಬಿದ್ರ ಮುಂದ ಡಬ್ ಅಂತದ. ರನ್‌ಫ್ಲಾಟ್ ಟಯರ್ ತೆಗೀಲೇನ್ರಿ? (ಯಾದಗಿರಿ)

ಉತ್ತರ: ಮೊದಲು ಮುಂದಿನ ಟೆನ್ಷನ್ ಸ್ಟ್ರಟ್ ಬುಶ್ (ಮುಂದಿನ ಗಾಲಿಯನ್ನು ಹಿಡಿದಿಡುವ ತೋಳಿನ ರಬ್ಬರ್ ಮೆತ್ತೆ) ನೋಡಿಸಿ. ಅದರೊಳಗೆ ಎಣ್ಣೆ ತುಂಬಿರುತ್ತದೆ. ಹರಿದರೆ ಬುಶ್ ಸುತ್ತ ಕಪ್ಪು ಜಿಡ್ಡು ಕಾಣುತ್ತದೆ. ಎರೆ ಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ನಮ್ಮ ರಸ್ತೆಗಳು ಅಲೆಅಲೆಯಾಗಿರುತ್ತವೆ, ಈ ಬುಶ್ ಬೇಗ ಸೋಲುತ್ತದೆ. ಎರಡೂ ಬದಿ ಒಟ್ಟಿಗೆ ಹಾಕಿಸಿ. ಗಾಲಿ ತೂಗಾಡುವಾಗ ಬೋಲ್ಟ್ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಗಾಡಿಯ ಭಾರ ಗಾಲಿಗಳ ಮೇಲೆ ಕೂತ ಮೇಲೆಯೇ ಕೊನೆಯ ಬಿಗಿತ ಕೊಡಬೇಕು. ಆಮೇಲೆ ಅಲೈನ್‌ಮೆಂಟ್. ನಡುಕ ಇನ್ನೂ ಇದ್ದರೆ ಬ್ರೇಕ್ ಡಿಸ್ಕ್ ನೋಡಿಸಿ.

ರನ್‌ಫ್ಲಾಟ್ ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವ ಗಟ್ಟಿ ಟಯರ್. ಅದನ್ನು ಬದಲಿಸಬಹುದು, ಅದೇ ರಿಮ್ಮಿಗೆ ಸಾದಾ ಟಯರ್ ಕೂರುತ್ತದೆ. ನಾಲ್ಕೂ ಒಂದೇ ಬಗೆಯವಿರಲಿ. ಗಾಡಿ ಮೆತ್ತಗೆ ಓಡುತ್ತದೆ, ರಿಮ್ಮಿಗೂ ಪೆಟ್ಟು ಕಡಿಮೆ. ಆದರೆ ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲವೆಂಬುದು ನೆನಪಿರಲಿ. ಪಂಕ್ಚರ್ ಕಿಟ್, 12 ವೋಲ್ಟ್ ಕಂಪ್ರೆಸರ್, 17ರ ಪಾನಾ ಇಟ್ಟುಕೊಳ್ಳಿ. ಗಾಲಿ ಬೋಲ್ಟಿನ ಬಿಗಿತ 120 ನ್ಯೂಟನ್ ಮೀಟರ್.

ಪ್ರಶ್ನೆ: ಆಟೋಮ್ಯಾಟಿಕ್ ಗೇರ್ ಬದಲಾಗುವಾಗ ಜಗ್ಗುತ್ತದೆ. ಗೇರ್ ಆಯಿಲ್ ಜೀವನಪೂರ್ತಿ ಸಾಕು ಎನ್ನುತ್ತಾರಲ್ಲ? (ಬೀದರ್)

ಉತ್ತರ: ಗೇರ್‌ಬಾಕ್ಸ್ ತಯಾರಿಸಿದ ಝೆಡ್ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ನಡುವೆ ಬದಲಿಸಲು ಹೇಳುತ್ತದೆ. ಕೆಲವು 3 ಸೀರೀಸ್‌ಗಳಲ್ಲಿ ಜಿಎಂ ಗೇರ್‌ಬಾಕ್ಸ್ ಇರುವುದರಿಂದ ಮೊದಲು ಗೇರ್‌ಬಾಕ್ಸ್ ಮೇಲಿನ ಹೆಸರಿನ ಪಟ್ಟಿ ಓದಿ, ಅದಕ್ಕೆ ತಕ್ಕ ಆಯಿಲ್ ತರಿಸಿ. ಝೆಡ್ಎಫ್ 6 ಗೇರಿನದಾದರೆ ಪ್ಲಾಸ್ಟಿಕ್ ಪ್ಯಾನ್ ಮತ್ತು ಫಿಲ್ಟರ್ ಒಂದೇ ತುಂಡು, ಪೂರ್ತಿ ಬದಲಿಸಬೇಕು. ಕೆಳಗಿನ ಪ್ಲಗ್ ಬಿಚ್ಚುವ ಮುನ್ನ ತುಂಬುವ ಪ್ಲಗ್ ಬಿಚ್ಚುತ್ತದೆಯೇ ನೋಡಿ. ಅದು ಕಚ್ಚಿಕೊಂಡಿದ್ದರೆ ಖಾಲಿ ಗೇರ್‌ಬಾಕ್ಸ್ ಜತೆ ಕೂರಬೇಕಾಗುತ್ತದೆ. ಮಟ್ಟ ನೋಡುವುದು ಎಂಜಿನ್ ಓಡುತ್ತಿರುವಾಗ, ಆಯಿಲ್ 30ರಿಂದ 50 ಡಿಗ್ರಿ ಇದ್ದಾಗ. ಬೇಸಿಗೆಯ ಮಧ್ಯಾಹ್ನ ಬೀದರಿನಲ್ಲಿ ಆ ಮಿತಿ ಬೇಗ ದಾಟುತ್ತದೆ, ಬೆಳಗಿನ ಜಾವವೇ ಈ ಕೆಲಸ ಹಿಡಿಯಲಿ.